ಕಂದಾಚಾರ: ನಮ್ಮ ನಾಲ್ಕು ತಾಲೂಕುಗಳ ಊರ ದಂಡು

ಬೆಂಗಳೂರಿನಲ್ಲಿ 1868ರಲ್ಲಿ ‘ಬೆಂಗಳೂರು ರೈಫಲ್ ವಾಲಂಟಿಯರ್ಸ್’ ಎಂಬ ಪಡೆ ಕಟ್ಟಿದರು. ಕಚೇರಿ, ಅಂಗಡಿ, ರೈಲ್ವೆಗಳಲ್ಲಿ ದುಡಿಯುತ್ತಿದ್ದ ಯುರೋಪಿಯನ್ನರೂ ಆಂಗ್ಲೋ ಇಂಡಿಯನ್ನರೂ ಬಿಡುವಿನಲ್ಲಿ ಕವಾಯತು ಮಾಡುವ ಪಡೆ ಅದು. ಮುಂದೆ ಕೊಡಗಿನ ತೋಟಗಾರರೂ ಇಂಥದ್ದೇ ಒಂದನ್ನು ಕಟ್ಟಿಕೊಂಡರು. ಈ ಪಡೆಗಳಿಗೆ ಲಾಂಛನವಿತ್ತು, ಸಮವಸ್ತ್ರವಿತ್ತು, ಗುರಿ ಹೊಡೆಯುವ ಪಂದ್ಯಗಳಿದ್ದವು. ಹೀಗಾಗಿ ಚರಿತ್ರೆ ಬರೆಯುವವರಿಗೆ ಸಾಮಗ್ರಿಯೂ ಸಿಕ್ಕಿತು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ರೈತನ ಮಗನಿಗೆ ಅಲ್ಲಿ ಜಾಗವಿರಲಿಲ್ಲ. ಆದರೆ ಊರಲ್ಲೇ ಇದ್ದು, ಹೊಲ ಉತ್ತು, ಕರೆ ಬಂದಾಗ ಆಯುಧ ಹಿಡಿದು ಹೊರಡುವ ಪಡೆಯೊಂದು ಈ ಸೀಮೆಯಲ್ಲಿ ಬೆಂಗಳೂರಿನ ವಾಲಂಟಿಯರುಗಳಿಗಿಂತ ಎಷ್ಟೋ ಮೊದಲೇ ಇತ್ತು. ಅದರ ಹೆಸರು ಕಂದಾಚಾರ. ಇಂದು ಆ ಮಾತು ಕೇಳಿದರೆ ಮೂಢ ಸಂಪ್ರದಾಯವಷ್ಟೇ ನೆನಪಾಗುತ್ತದೆ. ಇನ್ನೂರು ವರ್ಷದ ಹಿಂದೆ ಹೊನ್ನಾಳಿಯಲ್ಲಿ ‘ಕಂದಾಚಾರದವರು ಬಂದರು’ ಎಂದರೆ ಬಾಗಿಲಲ್ಲಿ ಸರ್ಕಾರದ ಪೇದೆ ನಿಂತಿದ್ದಾನೆ ಎಂದು ಅರ್ಥ.

ಇದು ಬ್ರಿಟಿಷರು ಹುಟ್ಟುಹಾಕಿದ್ದಲ್ಲ. ಚಿಕ್ಕದೇವರಾಜ ಒಡೆಯರು ಆಡಳಿತವನ್ನು ಹದಿನೆಂಟು ಕಚೇರಿಗಳಾಗಿ ಹಂಚಿದಾಗ ಅವುಗಳಲ್ಲಿ ಕಂದಾಚಾರವೂ ಒಂದಾಗಿತ್ತು. ನಮ್ಮ ಭಾಗ ಆಗ ಮೈಸೂರಿಗೆ ಸೇರಿರಲಿಲ್ಲ. ಚನ್ನಗಿರಿ ಕಡೆ ಕೆಳದಿಯವರ ಆಳ್ವಿಕೆಯಿತ್ತು. ಊರಿನ ಹೆಸರಲ್ಲೇ ಚೆನ್ನಮ್ಮಾಜಿ ಇದ್ದಾಳೆ. ಜಗಳೂರು, ಕಣಕುಪ್ಪೆಯ ಕಡೆ ಚಿತ್ರದುರ್ಗದ ನಾಯಕರು ಆಳುತ್ತಿದ್ದರು. ಹೆಸರು ಬೇರೆಯಾದರೂ ಏರ್ಪಾಡು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ: ಕೋಟೆಗೊಬ್ಬ ಒಡೆಯ, ಅವನ ಕೆಳಗೆ ಸುತ್ತಲ ಹಳ್ಳಿಗಳ ಕಾಲಾಳುಗಳು, ಅವರ ಹೊಟ್ಟೆಗೆ ಒಂದಿಷ್ಟು ಭೂಮಿ. ದುರ್ಗದ ಸೀಮೆಯಲ್ಲಿ ಈ ಕಾಲಾಳುಗಳು ಬಹುಪಾಲು ಬೇಡರು. 1763ರಲ್ಲಿ ಬಿದನೂರು, 1779ರಲ್ಲಿ ಚಿತ್ರದುರ್ಗ ಹೈದರಾಲಿಯ ಕೈಸೇರಿದ ಮೇಲೆ ಆಯುಧ ಹಿಡಿಯುವುದನ್ನೇ ಕಸುಬು ಮಾಡಿಕೊಂಡಿದ್ದ ಈ ಜನರಲ್ಲಿ ಬಹಳ ಮಂದಿ ಮೈಸೂರಿನ ದಂಡಿಗೆ ಸೇರಿಹೋದರು.

ಸಮಸ್ಯೆ ಎದ್ದದ್ದು ಆ ದಂಡೇ ಇಲ್ಲವಾದಾಗ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಸೈನ್ಯ ಚದುರಿತು. ಸಾವಿರಾರು ಜನ ಕೆಲಸವಿಲ್ಲದೆ, ಸಂಬಳವಿಲ್ಲದೆ, ಆದರೆ ಕೈಯಲ್ಲಿ ಆಯುಧದೊಂದಿಗೆ ಊರುಗಳತ್ತ ನಡೆದರು. ಅದೇ ಗಲಿಬಿಲಿಯಲ್ಲಿ ಪಟ್ಟಣದ ಸೆರೆಯಿಂದ ಒಬ್ಬ ಹೊರಬಿದ್ದ. ಅವನೇ ಧೋಂಡಿಯಾ ವಾಘ್, ಚನ್ನಗಿರಿಯಲ್ಲಿ ಹುಟ್ಟಿದ ಮರಾಠ. ಹೈದರನ ಬಳಿ ಕುದುರೆ ಸವಾರನಾಗಿದ್ದ. 1792ರ ಯುದ್ಧದ ಹೊತ್ತಿಗೆ ಬಿಟ್ಟುಹೋಗಿ ಧಾರವಾಡದ ಕಡೆ ತನ್ನದೇ ಗುಂಪು ಕಟ್ಟಿ ಲೂಟಿ ನಡೆಸಿದ್ದ. ಟಿಪ್ಪು ಅವನನ್ನು ಕರೆಸಿಕೊಂಡು, ಮುಸಲ್ಮಾನನನ್ನಾಗಿ ಮಾಡಿ, ಕಡೆಗೆ ಸೆರೆಗೆ ತಳ್ಳಿದ್ದ. ಬಿಡುಗಡೆಯಾದವನು ನೇರ ತನ್ನ ಸೀಮೆಗೆ ಬಂದ. ಕೆಲಸ ಕಳೆದುಕೊಂಡ ಸಿಪಾಯಿಗಳು ದಾರಿಯುದ್ದಕ್ಕೂ ಅವನ ಹಿಂದೆ ಬಿದ್ದರು. ಕೆಲವೇ ವಾರಗಳಲ್ಲಿ ಬಿದನೂರು, ಶಿವಮೊಗ್ಗ, ಹೊನ್ನಾಳಿ ಭಾಗದ ಕೋಟೆಗಳು ಅವನ ಕೈಯಲ್ಲಿದ್ದವು. ತನ್ನನ್ನು ತಾನು ಎರಡು ಲೋಕಗಳ ಒಡೆಯ ಎಂದು ಕರೆದುಕೊಂಡ; ಅಷ್ಟು ಹೊತ್ತಿಗೆ ಅವನಿಗೆ ಒಂದು ತಾಲೂಕಾದರೂ ಭದ್ರವಾಗಿ ಸಿಕ್ಕಿತ್ತೋ ಇಲ್ಲವೋ!

ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಸ್ಟೀವನ್ಸನ್, ಡಾಲ್ರಿಂಪಲ್ ಎಂಬಿಬ್ಬರ ಕೈಕೆಳಗೆ 1799ರ ಮಳೆಗಾಲದಲ್ಲಿ ಅವನನ್ನು ಮಲೆನಾಡಿನಿಂದ ಅಟ್ಟಿದವು. ಆಗಸ್ಟ್‌ನಲ್ಲಿ ಶಿಕಾರಿಪುರದ ಬಳಿ ಸೋತು ಅವನು ಮರಾಠರ ಸೀಮೆಗೆ ದಾಟಿಕೊಂಡ. ಮರುವರ್ಷ ಮತ್ತೆ ಬಲ ಕೂಡಿಸಿಕೊಂಡು ಎದ್ದಾಗ ಆರ್ಥರ್ ವೆಲ್ಲೆಸ್ಲಿ, ಎಂದರೆ ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಗೆದ್ದ ಡ್ಯೂಕ್, ಸ್ವತಃ ಬೆನ್ನಟ್ಟಬೇಕಾಯಿತು. 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ ವೆಲ್ಲೆಸ್ಲಿ ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಧೋಂಡಿಯಾನನ್ನು ಕೊಂದ. ಸಾಮಾನಿನ ನಡುವೆ ಸಿಕ್ಕಿದ ಅವನ ಸಾಕುಮಗ ಸಲಾಬತ್ ಖಾನನಿಗೆ ಆಸರೆ ಕೊಟ್ಟು, ಅವನ ಓದು ಮತ್ತು ಖರ್ಚಿಗೆ ಹಣ ಇಟ್ಟದ್ದೂ ವೆಲ್ಲೆಸ್ಲಿಯೇ.

ಈ ಹದಿನಾರು ತಿಂಗಳ ಓಟದಿಂದ, ಟಿಪ್ಪುವಿನ ನಂತರದ ಮೈಸೂರು ಸಂಸ್ಥಾನದ ದಿವಾನ್ ಪೂರ್ಣಯ್ಯ ಒಂದು ಪಾಠ ಕಲಿತರು. ಆಯುಧ ಹಿಡಿದು ಬದುಕಿದ ಮನುಷ್ಯನನ್ನು ಹಸಿವಿಗೆ ಬಿಟ್ಟರೆ ಮುಂದಿನ ಧೋಂಡಿಯಾನ ಬಳಿ ಹೋಗುತ್ತಾನೆ. ಮನೆಯಲ್ಲೇ ಕೂರಿಸಿ ಒಂದಿಷ್ಟು ಕೊಟ್ಟರೆ ಅವನೇ ಕಾವಲುಗಾರನಾಗುತ್ತಾನೆ. ಸುಲ್ತಾನನ ಸೈನ್ಯವನ್ನು ಪೂರ್ತಿ ಉಳಿಸಿಕೊಳ್ಳಲು ಹೊಸ ಸಂಸ್ಥಾನಕ್ಕೆ ಹಣವಿರಲಿಲ್ಲ, ಕಂಪನಿಗೆ ಮನಸ್ಸೂ ಇರಲಿಲ್ಲ. ಆದ್ದರಿಂದ ಕಂದಾಚಾರಕ್ಕೆ ಹೊಸ ಜೀವ ಬಂತು. ನಾಡಿನ ಹಳೆಯ ಕಾಲಾಳುಗಳಿಗೆ ಅವರು ಮೊದಲಿಂದ ಉಳುತ್ತಿದ್ದ ಹೊಲಗಳು ಹಗುರವಾದ ಕಂದಾಯದ ಮೇಲೆ ಖಾಯಂ ಆದವು. ಅವರಲ್ಲಿ ಆಯ್ದ ಸುಮಾರು 20,000 ಜನರನ್ನು ಸಂಸ್ಥಾನದಾದ್ಯಂತ ಕಂದಾಚಾರದ ಪಟ್ಟಿಗೆ ಸೇರಿಸಿದರು. ತಿಂಗಳಿಗೆ ಎರಡು ಮೂರು ರೂಪಾಯಿ ಸಂಬಳ. ಊರು ಬಿಟ್ಟು ಕೆಲಸಕ್ಕೆ ಹೊರಟರೆ ಬತ್ತೆ ಬೇರೆ. ಆಗ ಮೈಸೂರಿನಲ್ಲಿದ್ದ ರೆಸಿಡೆಂಟ್ ಮಾರ್ಕ್ ವಿಲ್ಕ್ಸ್ ಈ ಏರ್ಪಾಡನ್ನು ಮೆಚ್ಚಿ ಬರೆದಿದ್ದಾನೆ. ಬ್ರಿಟಿಷ್ ಅಧಿಕಾರಿ ಪೂರ್ಣಯ್ಯನವರನ್ನು ಹೊಗಳುವುದು ಆ ಕಾಲದಲ್ಲಿ ವಾಡಿಕೆಯೇ ಆಗಿತ್ತು. ಆದರೂ ಇದೊಂದು ವಿಷಯದಲ್ಲಿ ಹೊಗಳಿಕೆ ಸಲ್ಲುವಂಥದ್ದೇ ಎಂದು ನನ್ನ ಅಭಿಪ್ರಾಯ.

ಸಂಸ್ಥಾನಕ್ಕೆ ಆಗ ಮೂರು ಬಗೆಯ ದಂಡು. ಬಾರ್ ಎಂದರೆ ಕವಾಯತು ಕಲಿತ ಖಾಯಂ ಕಾಲಾಳು. ಸಿಲಾದಾರರು ಸ್ವಂತ ಕುದುರೆಯ ಸವಾರರು. 1807ರ ಒಪ್ಪಂದದಂತೆ ಕಂಪನಿಯ ನೆರವಿಗೆ ಇಂಥ 4,000 ಸವಾರರನ್ನು ಮೈಸೂರು ಸದಾ ಸಿದ್ಧವಾಗಿಡಬೇಕಿತ್ತು. ಮೂರನೆಯದು ಕಂದಾಚಾರ. ಮೊದಲಿನೆರಡು ಯುದ್ಧಕ್ಕೆ ಹೋಗುವಂಥವು. ಕಂದಾಚಾರದವನು ತಾಲೂಕು ಬಿಟ್ಟು ದೂರ ಹೋದದ್ದು ಕಡಿಮೆ.

ಹೊನ್ನಾಳಿಯಂಥ ತಾಲೂಕು ಕಸಬೆಯನ್ನೇ ತೆಗೆದುಕೊಳ್ಳಿ. ಕೋಟೆಗೆ ಕಿಲ್ಲೇದಾರ, ಕಚೇರಿಗೆ ಅಮಲ್ದಾರ. ಕಂದಾಚಾರದ ಪೇದೆಗಳು ಲೆಕ್ಕಕ್ಕೆ ಕಿಲ್ಲೇದಾರನ ಜನ, ಕೆಲಸಕ್ಕೆ ಮಾತ್ರ ಅಮಲ್ದಾರನ ಹುಕುಂ. ಕೆಳಗೆ ಹೋಬಳಿಗೊಬ್ಬ ಹೋಬಳಿದಾರ, ಅವನ ಕೈಕೆಳಗೆ ದಫೇದಾರ, ಆಮೇಲೆ ಪೇದೆಗಳು. ಕೋಟೆ ಬಾಗಿಲ ಕಾವಲು, ಖಜಾನೆಯ ಕಾವಲು, ಸೆರೆಯವರ ಕಾವಲು ಸರದಿಯಂತೆ ಬರುತ್ತಿದ್ದವು. ಕಂತಿನ ಹಣ ಶಿವಮೊಗ್ಗಕ್ಕೆ ಹೊರಟರೆ ಗಾಡಿಯ ಹಿಂದುಮುಂದೆ ಇವರೇ ನಡೆಯಬೇಕು. ಕಳ್ಳತನವಾದರೆ ಊರ ತಳವಾರನನ್ನು ಮುಂದಿಟ್ಟುಕೊಂಡು ಹೆಜ್ಜೆ ಹಿಡಿಯುವವರು ಇವರು. ಸಾಕ್ಷಿಗೆ ಕರೆ ಒಯ್ಯುವುದು, ಸಾಹೇಬರು ಬಂದರೆ ಡೇರೆಗೆ ಸಾಮಾನು ಹೊಂದಿಸುವುದು, ಬಾಕಿ ಉಳಿಸಿಕೊಂಡ ರೈತನ ಜಗಲಿಯಲ್ಲಿ ಕೂರುವುದು, ಎಲ್ಲವೂ ಇವರ ತಲೆಗೇ. ಸರದಿ ಮುಗಿದರೆ ಬತ್ತಿ ಕೋವಿಯೋ ಈಟಿಯೋ ಗೋಡೆಗೊರಗಿಸಿ ನೇಗಿಲು ಹಿಡಿಯುವುದು.

ಆ ಕಡೆಯ ಕೆಲಸ, ಜಗಲಿಯಲ್ಲಿ ಕೂರುವ ಕೆಲಸ, ಸಂಸ್ಥೆಯನ್ನು ಒಳಗಿಂದ ತಿಂದುಹಾಕಿತು. 1811ರ ಕೊನೆಗೆ ಪೂರ್ಣಯ್ಯ ಅಧಿಕಾರ ಬಿಟ್ಟರು. ಮುಮ್ಮಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ ಬೊಕ್ಕಸ ಬರಿದಾಗುತ್ತ ಬಂದಂತೆ ತಾಲೂಕುಗಳಿಗೆ ‘ಶರತ್ತು’ ಪದ್ಧತಿ ಬಂತು. ಇಷ್ಟು ಹಣ ಕಟ್ಟಿಸಿಯೇ ತೀರುತ್ತೇನೆಂದು ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ಅವನ ಕೈಯಿಂದ. ಅಂಥ ಅಮಲ್ದಾರನಿಗೆ ಮಳೆ ಹೋದರೇನು, ಬೆಳೆ ಹೋದರೇನು? ಅವನ ಕೈಗೆ ಸಿಕ್ಕುವ ಆಯುಧವೆಂದರೆ ಕಂದಾಚಾರದ ಪೇದೆ. ಆ ಪೇದೆಯೋ ಅದೇ ಹಳ್ಳಿಯ ಉಳುವವನು, ಬಾಕಿದಾರನ ನೆಂಟನೋ ಒಕ್ಕಲೋ ಆಗಿರುತ್ತಿದ್ದವನು. ಒಂದೇ ಜಗಲಿಯ ಎರಡು ತುದಿಗೆ ಇಬ್ಬರೂ ಕೂತು ಎಷ್ಟು ದಿನ ನಡೆದೀತು?

ನಗರದ, ಎಂದರೆ ಹಳೆಯ ಬಿದನೂರಿನ, ಫೌಜದಾರಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿತು. 1799ರಿಂದ 1805ರವರೆಗೆ ಇಲ್ಲಿ ಫೌಜದಾರನಾಗಿದ್ದವನು ರಾಮರಾಯ, ಬಾದಾಮಿ ಮೂಲದವನು, ಹೈದರನ ಕಾಲದ ಸವಾರ ದಳಪತಿ. ಅವನ ಬಳಗದ ಹಿಡಿತ ಈ ಸೀಮೆಯ ಹುದ್ದೆಗಳ ಮೇಲೆ ಬಹುಕಾಲ ಉಳಿಯಿತು. ಅವರಲ್ಲಿ ಕೃಷ್ಣರಾಯ ಫೌಜದಾರನೂ ಆದ. ಆಮೇಲೆ ಬಂದ ವೀರರಾಜ ಅರಸು ಲೆಕ್ಕ ಬಿಚ್ಚಿದಾಗ ದೊಡ್ಡ ಮೋಸ ಕಂಡಿತು. ಬಾಕಿ ಮನ್ನಾ ಆಯಿತೆಂದು ನಂಬಿದ್ದ ರೈತರ ಮೇಲೆ ಅದೇ ಬಾಕಿ ಮತ್ತೆ ಬಿತ್ತು.

ಈ ಹೊತ್ತಿಗೆ ಎದ್ದವನು ಬೂದಿ ಬಸವಪ್ಪ. ಅಂದಿನ ಹೊನ್ನಾಳಿ ತಾಲೂಕಿನ ಚಿನ್ನಿಕಟ್ಟೆಯವನು. ಆ ಊರು ಈಗ ನ್ಯಾಮತಿ ತಾಲೂಕಿನಲ್ಲಿದೆ. ಹುಟ್ಟುಹೆಸರು ಸಾದರ ಮಲ್ಲ, ತಂದೆ ಸಾಮಾನ್ಯ ರೈತ. ಮೈಗೆಲ್ಲ ವಿಭೂತಿ ಬಳಿದುಕೊಳ್ಳುತ್ತಿದ್ದುದರಿಂದ ಬೂದಿ ಬಸವಪ್ಪನಾದ. ಕೆಳದಿಯ ಕಡೆಯ ನಾಯಕನ ಗುರುವಾಗಿದ್ದ ಜಂಗಮರೊಬ್ಬರ ಬಳಿ ಸೇರಿಕೊಂಡು, ಅವರು ತೀರಿದ ಮೇಲೆ ಅವರಲ್ಲಿದ್ದ ಅರಮನೆಯ ಮುದ್ರೆಗಳನ್ನು ಇಟ್ಟುಕೊಂಡ. ಆಮೇಲೆ ತಾನೇ ನಗರದ ಅರಸು ಎಂದು ಹೇಳಿಕೊಂಡು ತಿರುಗತೊಡಗಿದ. ಕೆಳದಿ ಬಿದ್ದು ಆಗಲೇ ಅರವತ್ತೇಳು ವರ್ಷ. ಹಳೆಯ ಮುದ್ರೆಯೊಂದರಿಂದಲೇ ಜನ ಅವನನ್ನು ನಂಬಿದರೆಂದು ನನಗನಿಸುವುದಿಲ್ಲ. 1830ರ ಆಗಸ್ಟ್‌ನಲ್ಲಿ ರೈತರಿಗೆ ಅವನು ಕಳಿಸಿದ ಮಾತು ಹೆಚ್ಚು ಕೆಲಸ ಮಾಡಿರಬೇಕು: ಹಳೆಯ ಬಾಕಿ ಪೂರ್ತಿ ಮಾಫಿ, ಮುಂದಕ್ಕೆ ಒಂದು ವರಹ ಕಟ್ಟುವಲ್ಲಿ ಒಂದು ರೂಪಾಯಿ. ಆಗ ಒಂದು ಕಂಠೀರಾಯಿ ವರಹಕ್ಕೆ ಮೂರು ರೂಪಾಯಿಗೆ ತುಸು ಕಡಿಮೆ ಬೆಲೆ. ಕಂದಾಯ ಮೂರನೇ ಒಂದಕ್ಕೆ ಇಳಿಸುತ್ತೇನೆಂದರೆ ಯಾವ ಪಟೇಲ ಕಿವಿಗೊಡುವುದಿಲ್ಲ?

ರೈತರು ಊರೂರಲ್ಲಿ ಕೂಟ ಸೇರಿದರು. ಚನ್ನಗಿರಿ ಸೀಮೆಯ ಬಸವಾಪಟ್ಟಣ, ನದಿಯಾಚೆಯ ಹೊನ್ನಾಳಿ, ಹೊಳೆಹೊನ್ನೂರು, ಎಲ್ಲೆಲ್ಲೂ ಕಂದಾಯ ಕಟ್ಟುವುದಿಲ್ಲವೆಂಬ ಮಾತೇ. ತರೀಕೆರೆಯ ಪಾಳೆಯಗಾರ ಮನೆತನದ ರಂಗಪ್ಪ ನಾಯಕ ಮೈಸೂರಿನಿಂದ ತಪ್ಪಿಸಿಕೊಂಡು ಬಂದು ದಂಗೆಯವರನ್ನು ಸೇರಿದ. ಡಿಸೆಂಬರ್ ಹೊತ್ತಿಗೆ ಕೂಟಗಳ ಮೇಲೆ ಗುಂಡು ಹಾರತೊಡಗಿತ್ತು. ಅದನ್ನು ಅಡಗಿಸಲು ಹೊರಟ ಪಡೆ ಯಾವುದೆಂದು ನೋಡಿದರೆ ಕಂದಾಚಾರದ ಗತಿ ತಿಳಿಯುತ್ತದೆ. ಕೋಟೆಗಳಿದ್ದವು, ಕಿಲ್ಲೇದಾರರಿದ್ದರು, ಹಳ್ಳಿಹಳ್ಳಿಯಲ್ಲಿ ಪಟ್ಟಿಗೆ ಸೇರಿದ ಪೇದೆಗಳಿದ್ದರು. ಆದರೂ ಸರ್ಕಾರ ನೆಚ್ಚಿಕೊಂಡದ್ದು ಮೈಸೂರಿನಿಂದ ಬಂದ ಬಾರ್ ಮತ್ತು ಸಿಲಾದಾರರನ್ನು, ಅವರೂ ಸಾಲದಾದಾಗ ಕಂಪನಿಯ ಪಲ್ಟನ್ನುಗಳನ್ನು. ರೆಸಿಡೆಂಟ್ ಕಾಸಾಮೇಜರನ ಕಡೆಯ ಲೆಫ್ಟಿನೆಂಟ್ ರಾಚ್‌ಫರ್ಟ್ ಮೈಸೂರು ದಂಡನ್ನು ನಡೆಸಿಕೊಂಡು ಬಂದು 1831ರ ಮೊದಲ ತಿಂಗಳುಗಳಲ್ಲಿ ಹೊನ್ನಾಳಿಯನ್ನು ಹಿಡಿದ. ಶಿವಮೊಗ್ಗದಿಂದ ಹೊರಟ ಕರ್ನಲ್ ಇವಾನ್ಸನ ಪಡೆ ಒಮ್ಮೆ ಪೆಟ್ಟು ತಿಂದು ಹಿಂದಿರುಗಿತು. ಜೂನ್ 12ರಂದು ನಗರ ಕೈಸೇರಿದ ಮೇಲೆ ದಂಗೆಯ ಬೆನ್ನು ಮುರಿಯಿತು.

ಈ ದಂಗೆಯ ವಿವರಗಳೆಲ್ಲ ಅಡಗಿಸಿದವರ ಕಾಗದಗಳಿಂದಲೇ ನಮಗೆ ಬಂದವು. ಬಿ. ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬಸವಪ್ಪನನ್ನು ದರೋಡೆ ಮಾಡಿಕೊಂಡಿದ್ದ ಹುಸಿ ಅರಸನಂತೆ ಕಾಣಿಸಿದ್ದಾರೆ. ಇರಬಹುದು. ಆದರೆ ಅವನಿಗೆ ಒಪ್ಪಿಗೆ ಬರೆದುಕೊಟ್ಟ ಪಟೇಲರು ದರೋಡೆಕೋರರಲ್ಲ, ಅದೇ ಸರ್ಕಾರಕ್ಕೆ ಕಂದಾಯ ಕೂಡಿಸಿಕೊಡುತ್ತಿದ್ದವರು. ಚನ್ನಗಿರಿಯ ಧೋಂಡಿಯಾ, ಚಿನ್ನಿಕಟ್ಟೆಯ ಬಸವಪ್ಪ: ಇಬ್ಬರ ನಡುವೆ ಮೂವತ್ತು ವರ್ಷ, ಒಂದು ಹೊಳೆ. ಮೊದಲನೆಯವನಂಥವರು ಮತ್ತೆ ಏಳಬಾರದೆಂದು ಪೂರ್ಣಯ್ಯ ಕಂದಾಚಾರವನ್ನು ಕಟ್ಟಿದರು. ಎರಡನೆಯವನು ಎದ್ದಾಗ ಅದು ಕೆಲಸಕ್ಕೆ ಬರಲಿಲ್ಲ. ಧೋಂಡಿಯಾನ ಹಿಂದೆ ಹೋದದ್ದು ಸಂಬಳ ಕಳೆದುಕೊಂಡ ಸಿಪಾಯಿ. ಬಸವಪ್ಪನ ಹಿಂದೆ ಹೋದದ್ದು ಹೊಲ ಉಳಿಸಿಕೊಳ್ಳಲು ಹೊರಟ ರೈತ. ರೈತನನ್ನು ತಡೆಯಬೇಕಾದ ಪೇದೆ ಸ್ವತಃ ರೈತನಾಗಿದ್ದ. ಆ ಪಡೆಯ ಬಲ ಯಾವುದೋ ಅದರ ಬಿರುಕೂ ಅದೇ.

1831ರ ಅಕ್ಟೋಬರಿನಲ್ಲಿ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಮಹಾರಾಜರಿಂದ ಆಡಳಿತ ಕಸಿದು ಕಮಿಷನರುಗಳಿಗೆ ಒಪ್ಪಿಸಿದ. ಹಾಕರ್, ಮಾರಿಸನ್, ಮಕ್ಲಿಯಡ್, ಕಬ್ಬನ್ ಇದ್ದ ಸಮಿತಿ ದಂಗೆಯ ಕಾರಣ ಹುಡುಕಿ 1833ರ ಡಿಸೆಂಬರಿನಲ್ಲಿ ವರದಿ ಕೊಟ್ಟಿತು. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್ ಒಬ್ಬನೇ ಕಮಿಷನರ್. ಅವನು ಹಳೆಯ ಏರ್ಪಾಡುಗಳನ್ನು ಕಿತ್ತೆಸೆಯುವ ಗೋಜಿಗೆ ಹೋಗಲಿಲ್ಲ. ಅಮಲ್ದಾರ, ಕಿಲ್ಲೇದಾರ, ಹೋಬಳಿದಾರ, ಪೇದೆ ಎಲ್ಲರೂ ಉಳಿದರು. ಬದಲಾದದ್ದು ಅವರು ಯಾವುದಕ್ಕಾಗಿ ಬಾಗಿಲಿಗೆ ಹೋಗುತ್ತಾರೆ ಎಂಬುದು. ಕಬ್ಬನ್ನನ ಆಡಳಿತದಲ್ಲಿ 769 ಚಿಲ್ಲರೆ ತೆರಿಗೆಗಳು ರದ್ದಾದವು. ಅವುಗಳ ಪಟ್ಟಿ ಓದಿದರೆ ನಗು, ಸಿಟ್ಟು ಎರಡೂ ಬರುತ್ತವೆ. ಮದುವೆಯಾದರೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಒಂದು ಊರಿನವರು ಎಂದೋ ಪಾಳೆಯಗಾರನ ತಪ್ಪಿಸಿಕೊಂಡ ಕುದುರೆಯನ್ನು ತಮ್ಮ ಹಿರಿಯರು ಹುಡುಕಿಕೊಡಲಿಲ್ಲವೆಂಬ ಕಾರಣಕ್ಕೆ ತಲೆತಲಾಂತರದಿಂದ ತೆರುತ್ತಿದ್ದರು. ನಗರದ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವನಿಗೂ ತೆರಿಗೆ ಬೀಳುತ್ತಿತ್ತು! ಇವನ್ನೆಲ್ಲ ವಸೂಲಿ ಮಾಡಲು ಯಾರಾದರೂ ಹೋಗಲೇಬೇಕಿತ್ತಲ್ಲ. ಕಂದಾಯವನ್ನು ಐದು ಕಂತುಗಳಲ್ಲಿ ಕಟ್ಟುವ ಏರ್ಪಾಡು ಬಂದ ಮೇಲೆ ಜಗಲಿಯಲ್ಲಿ ಕೂರುವ ಕೆಲಸ ಇಳಿಮುಖವಾಯಿತು, ಕಳ್ಳಕಾಕರ ಹಿಂದೆ ಹೋಗುವ ಕೆಲಸ ಮುಂದೆ ಬಂತು. ದಂಡಿನ ಆಳಾಗಿದ್ದವನು ಈ ಮೂವತ್ತು ವರ್ಷಗಳಲ್ಲಿ ಸದ್ದಿಲ್ಲದೆ ಪೊಲೀಸಿನವನಾದ.

ನಮ್ಮ ನಾಲ್ಕು ತಾಲೂಕುಗಳ ನಕ್ಷೆ ಆಗ ಬೇರೆ. ಹೊನ್ನಾಳಿ, ಚನ್ನಗಿರಿ ನಗರದ ಕಡೆಗಿದ್ದವು. ನ್ಯಾಮತಿ ತಾಲೂಕಲ್ಲ, ಹೊನ್ನಾಳಿಯೊಳಗಿನ ವ್ಯಾಪಾರದ ಪೇಟೆ. ಅದು ತಾಲೂಕಾದದ್ದು ತೀರ ಈಚೆಗೆ. ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು, ಅಲ್ಲಿ ಮೊದಲಿಗೆ ತಾಲೂಕು ಕಸಬೆಯಾಗಿದ್ದದ್ದು ಕೋಟೆಯಿದ್ದ ಕಣಕುಪ್ಪೆ. ಹಳೆಯ ವ್ಯವಸ್ಥೆಗೆ ಕೋಟೆ ಬೇಕಿತ್ತು, ಅಲ್ಲಿ ಕಿಲ್ಲೇದಾರ ಇರಬೇಕಿತ್ತು. ಹೊಸ ಕಚೇರಿಗೆ ಬೇಕಾದದ್ದು ರಸ್ತೆ, ನೀರು, ಪೇಟೆ. ಕಣಕುಪ್ಪೆಯಿಂದ ಜಗಳೂರಿಗೆ ಕಸಬೆ ಇಳಿದದ್ದರಲ್ಲಿ ಕಂದಾಚಾರದ ಕಾಲ ಮುಗಿಯುತ್ತಿದ್ದ ಸುಳಿವೂ ಇದೆ.

1862ರಲ್ಲಿ ಲೆವಿನ್ ಬೌರಿಂಗ್ ಕಮಿಷನರ್ ಆದ. ಮರುವರ್ಷ ಸಂಸ್ಥಾನ ಮೂರು ವಿಭಾಗ, ಎಂಟು ಜಿಲ್ಲೆಗಳಾಗಿ ಹಂಚಿಕೆಯಾಯಿತು. ಶಿವಮೊಗ್ಗ, ಕಡೂರು, ಚಿತ್ರದುರ್ಗ ಮೂರೂ ನಗರ ವಿಭಾಗಕ್ಕೆ ಬಂದು, ನಮ್ಮ ತಾಲೂಕುಗಳು ಒಂದೇ ಸೂಪರಿಂಟೆಂಡೆಂಟನ ಕೈಕೆಳಗೆ ಸೇರಿದವು. ಬ್ರಿಟಿಷ್ ಇಂಡಿಯಾದ 1861ರ ಪೊಲೀಸ್ ಕಾಯ್ದೆಯ ಮಾದರಿಯ ಪೊಲೀಸು ಮೊದಲು ಬೆಂಗಳೂರಿಗೆ ಬಂತು, ಆಮೇಲೆ ಒಂದೊಂದಾಗಿ ಉಳಿದ ಜಿಲ್ಲೆಗಳಿಗೆ. ಸಮವಸ್ತ್ರ, ಠಾಣೆ, ಇನ್‌ಸ್ಪೆಕ್ಟರ್, ದಿನಚರಿ ಪುಸ್ತಕ, ಊರಿಂದೂರಿಗೆ ವರ್ಗ. ಈ ಕಡೆಯದ್ದೇ ಕಂದಾಚಾರಕ್ಕೆ ಸಲ್ಲದ ಮಾತು. ವರ್ಗವಾಗುವ ಪೇದೆಗೆ ಊರ ಹೊಲ ಉಳಲು ಆಗುವುದಿಲ್ಲ, ಊರ ಹೊಲ ಉಳುವವನನ್ನು ವರ್ಗ ಮಾಡಲು ಬರುವುದಿಲ್ಲ. ಕಂದಾಚಾರ ಹಾಗೆ ಕರಗಿಹೋಯಿತು. ಹೋಬಳಿ ಎಂಬ ಹಂಚಿಕೆ ಮಾತ್ರ ಕಂದಾಯ ಇಲಾಖೆಯ ಕೈಯಲ್ಲಿ ಇಂದಿಗೂ ನಿಂತಿದೆ.

ಜೊತೆಗಾರ ಸಂಸ್ಥೆಗಳಿಗೆ ಬೇರೆ ಬೇರೆ ಗತಿ ಒದಗಿತು. ಸುದ್ದಿ ಒಯ್ಯುತ್ತಿದ್ದ ಅಂಚೆ 1889ರಲ್ಲಿ ಬ್ರಿಟಿಷ್ ಅಂಚೆಯೊಂದಿಗೆ ಬೆರೆಯಿತು. ಸಿಲಾದಾರರಿಂದ 1892ರಲ್ಲಿ ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಹುಟ್ಟಿತು. ಆ ಸವಾರರು 1918ರ ಸೆಪ್ಟೆಂಬರ್ 23ರಂದು ಜೋಧಪುರದವರ ಜೊತೆ ಹೈಫಾ ಪಟ್ಟಣವನ್ನು ಗೆದ್ದರು. ಬಾರ್ ಸಂಸ್ಥಾನದ ಕಾಲಾಳು ಪಡೆಯಾಗಿ ಮುಂದುವರಿಯಿತು. ಕಂದಾಚಾರಕ್ಕೆ ಗೆದ್ದ ಯುದ್ಧವಿಲ್ಲ, ಬಿರುದಿಲ್ಲ. ಅದರ ಆಳುಗಳು ಮಾಡಿದ್ದು ಖಜಾನೆ ಬಾಗಿಲಲ್ಲಿ ರಾತ್ರಿ ಕಳೆದದ್ದು, ಹೊಳೆ ದಾಟಿ ಹಣದ ಚೀಲ ಮುಟ್ಟಿಸಿದ್ದು.

ಕೊನೆಗೊಂದು ವಿಷಯ. ಕಂದಾಚಾರ ಕರಗುತ್ತಿದ್ದ ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ರೈಫಲ್ ವಾಲಂಟಿಯರುಗಳು ಎದ್ದದ್ದು ಬರೀ ಕಾಕತಾಳೀಯವಲ್ಲ. 1857ರ ನಂತರ ಸರ್ಕಾರಕ್ಕೆ ಊರಿನವನ ಕೈಯಲ್ಲಿ ಆಯುಧ ಇರುವುದು ಬೇಡವಾಗಿತ್ತು; 1878ರ ಆಯುಧ ಕಾಯ್ದೆ ಅದನ್ನು ನೇರವಾಗಿಯೇ ಹೇಳಿತು. ಕೊಡವರಿಗೆ ಸಿಕ್ಕ ವಿನಾಯಿತಿ ಬಯಲುಸೀಮೆಯ ನಮ್ಮವರಿಗೆ ಸಿಗಲಿಲ್ಲ. ತಮ್ಮನ್ನೂ ವಾಲಂಟಿಯರುಗಳಾಗಿ ಸೇರಿಸಿಕೊಳ್ಳಿ ಎಂದು ಓದಿದ ಭಾರತೀಯರು ಕೇಳತೊಡಗಿದರು. 1886ರ ಕಲಕತ್ತೆಯ ಕಾಂಗ್ರೆಸ್ ಅಧಿವೇಶನ ಅದಕ್ಕೊಂದು ಠರಾವನ್ನೇ ಮಾಡಿತು. ಸರ್ಕಾರ ಒಪ್ಪಲಿಲ್ಲ. ಎರಡು ತಲೆಮಾರಿನ ಹಿಂದೆ ಹೊನ್ನಾಳಿಯ ಉಳುವವನೊಬ್ಬ ಅದೇ ಸರ್ಕಾರದ ಹುಕುಮಿನ ಮೇಲೆ ಕೋವಿ ಹೊತ್ತು ಶಿವಮೊಗ್ಗದ ದಾರಿ ಕಾಯುತ್ತಿದ್ದನೆಂಬುದು ಕಲಕತ್ತೆಯಲ್ಲಿ ಎದ್ದುನಿಂತು ವಾದಿಸಿದವರಿಗೆ ಗೊತ್ತಿದ್ದಿದ್ದರೆ ಅವರ ವಾದಕ್ಕೆ ಇನ್ನೊಂದು ಆಧಾರ ಸಿಗುತ್ತಿತ್ತು.